ತಂದೆಯ ಆಸ್ತಿಗೆ ಬೆಲೆ ಕಟ್ಟುವಾಗ

ಮನೆಯ ಹಿರಿಯರು ತೀರಿಹೋದ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳಲು ಕುಳಿತಾಗ ಮೊದಲು ಏಳುವ ಪ್ರಶ್ನೆ ‘ಯಾರಿಗೆ ಎಷ್ಟು?’ ಎಂಬುದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಇರುವುದೇನು, ಅದರ ಬೆಲೆಯೆಷ್ಟು?’ ಇದಕ್ಕೆ ಸತ್ಯವಾದ ಉತ್ತರ ದೊರೆಯದಿದ್ದರೆ ಮೊದಲನೆಯದಕ್ಕೆ ನ್ಯಾಯವಾದ ಉತ್ತರ ದೊರೆಯುವುದಿಲ್ಲ. ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

ಇಂಗ್ಲೆಂಡಿನಲ್ಲಿ 1858ರವರೆಗೆ ಉಯಿಲುಗಳನ್ನು ಸ್ಥಿರಪಡಿಸುವ ಕಾರ್ಯ ಬಹುಮಟ್ಟಿಗೆ ಧರ್ಮಸಭೆಯ ನ್ಯಾಯಾಲಯಗಳ ಕೈಯಲ್ಲಿತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, 1529ರಲ್ಲಿ, ಒಂದು ಶಾಸನ ಜಾರಿಗೆ ಬಂದಿತು. ಮೃತನ ಸಾಮಾನುಗಳ ಪಟ್ಟಿಯನ್ನು ಉಯಿಲಿನ ನಿರ್ವಾಹಕನು ಒಬ್ಬನೇ ಬರೆಯುವಂತಿರಲಿಲ್ಲ. ಮೃತನಿಗೆ ಸಾಲ ಕೊಟ್ಟವರು ಅಥವಾ ಉಯಿಲಿನಲ್ಲಿ ಪಾಲು ಪಡೆದವರು, ಅವರಿಲ್ಲವಾದರೆ ಬಂಧುಗಳು ಅಥವಾ ಬೇರೆ ಪ್ರಾಮಾಣಿಕರು, ಕಡಿಮೆಯೆಂದರೆ ಇಬ್ಬರಾದರೂ ಎದುರಿಗಿರಬೇಕಾಗಿತ್ತು. ಪಟ್ಟಿಯ ಒಂದು ಪ್ರತಿ ಬಿಷಪರಿಗೆ ಸಲ್ಲುತ್ತಿತ್ತು, ಇನ್ನೊಂದು ನಿರ್ವಾಹಕನಲ್ಲಿ ಉಳಿಯುತ್ತಿತ್ತು. ಹಾಸಿಗೆ, ಪಾತ್ರೆ, ಧಾನ್ಯ, ದನಕರು, ಬರಬೇಕಾದ ಸಾಲ, ಎಲ್ಲದಕ್ಕೂ ಬೆಲೆ ಬರೆಯುತ್ತಿದ್ದರು. ಇದರ ವಿವೇಕವನ್ನು ಗಮನಿಸಿರಿ: ಬೆಲೆಯನ್ನು ತಗ್ಗಿಸಿದರೆ ಯಾರಿಗೆ ನಷ್ಟವೋ ಅವರನ್ನೇ ಸಾಕ್ಷಿಗಳಾಗಿ ನಿಲ್ಲಿಸಲಾಗುತ್ತಿತ್ತು.

ಇದೇ ವಿಚಾರ ನಮ್ಮ ದೇಶದ ಕಾನೂನಿನಲ್ಲಿಯೂ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 317ನೆಯ ಕಲಮಿನ ಪ್ರಕಾರ, ನ್ಯಾಯಾಲಯದಿಂದ ಪ್ರೊಬೇಟ್ ಪಡೆದ ನಿರ್ವಾಹಕನು ಆರು ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪೂರ್ಣವೂ ಸತ್ಯವೂ ಆದ ಅಂದಾಜನ್ನು ಸಲ್ಲಿಸಬೇಕು. ಒಂದು ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಇದೇ ಕಾಯಿದೆ, ಉಯಿಲು ಬರೆಯದೆ ತೀರಿಹೋದ ಕ್ರೈಸ್ತನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುತ್ತದೆ.

ಆದರೆ ತಿರುವಾಂಕೂರಿನಲ್ಲಿ ಬೇರೆಯೇ ಕಾನೂನಿತ್ತು. ಅಲ್ಲಿಯ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೆ ದೊರೆಯುತ್ತಿದ್ದುದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಭೂಮಿಯ ಬೆಲೆ ವರ್ಷವರ್ಷವೂ ಏರಿದರೂ ಮಗಳ 5,000 ಅಲ್ಲಿಯೇ ನಿಂತಿತು. ಸಹೋದರನ ಪಾಲು ಭೂಮಿಯೊಡನೆ ಬೆಳೆಯಿತು. ಸಹೋದರಿಯದು ಕಾಗದದ ಮೇಲಿನ ಅಂಕಿಯಾಗಿ ಉಳಿಯಿತು. ಇದನ್ನು ಪ್ರಶ್ನಿಸಿ ಮೇರಿ ರಾಯ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1951ರಿಂದಲೇ ಅಲ್ಲಿ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆಂದು 1986ರ ಫೆಬ್ರವರಿ 24ರಂದು ನ್ಯಾಯಾಲಯ ತೀರ್ಪಿತ್ತಿತು.

ಪ್ರಿಯ ಓದುಗರೇ, ಅದು ನೆರೆರಾಜ್ಯದ ಹಳೆಯ ಕಥೆಯೆಂದು ಮರೆಯಬೇಡಿರಿ. ನಮ್ಮಲ್ಲಿ ಅನೇಕ ಕುಟುಂಬಗಳು ನ್ಯಾಯಾಲಯಕ್ಕೆ ಹೋಗದೆ ತಾವೇ ಪಾಲು ಮಾಡಿಕೊಳ್ಳುತ್ತವೆ. 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಕಡ್ಡಾಯವೂ ಅಲ್ಲ. ಇದರಿಂದ ಖರ್ಚು, ಅಲೆದಾಟ ಉಳಿಯಿತು, ನಿಜ. ಆದರೆ ಆಸ್ತಿಯ ಪಟ್ಟಿಯನ್ನು ಕೇಳುವವರೂ ಇಲ್ಲವಾದರು. ತವರಿನ ಹಳೆಯ ಮನೆಯ ಬೆಲೆಯೇನೆಂದು ತಿಳಿಯದೆಯೇ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕುವ ಸಹೋದರಿಯ ಸ್ಥಿತಿ ಆ 5,000 ರೂಪಾಯಿಯ ಮಗಳಿಗಿಂತ ಎಷ್ಟು ಬೇರೆ?

ಆದುದರಿಂದ ಪಾಲಿನ ಮಾತಿಗೆ ಮೊದಲು ಪಟ್ಟಿ ಮಾಡಿರಿ. ಜಮೀನು, ಮನೆ, ಒಡವೆ, ಬ್ಯಾಂಕಿನ ಠೇವಣಿ, ತೀರಿಸಬೇಕಾದ ಸಾಲ, ಎಲ್ಲವೂ ಅದರಲ್ಲಿರಲಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ನೋಂದಣಿ ಶುಲ್ಕಕ್ಕಾಗಿ ನಿಗದಿಯಾದುದು. ಪೇಟೆಯ ಬೆಲೆ ಅದಕ್ಕಿಂತ ಹೆಚ್ಚಿರಬಹುದು. ಎಲ್ಲರೂ ಒಪ್ಪುವ ನೋಂದಾಯಿತ ಮೌಲ್ಯಮಾಪಕರಿಂದ ಬರಹದಲ್ಲಿ ಬೆಲೆ ಪಡೆಯಿರಿ. ಅದರ ಪ್ರತಿಯನ್ನು ದೂರದಲ್ಲಿರುವ ತಂಗಿಗೂ, ವಿಧವೆಯಾದ ಅತ್ತಿಗೆಗೂ ಕೊಡಿರಿ. ನಂತರ ಯಾರಾದರೂ ಪ್ರೀತಿಯಿಂದ ತಮ್ಮ ಪಾಲನ್ನು ಬಿಟ್ಟುಕೊಡುವುದಾದರೆ ಅದು ನಿಜವಾದ ದಾನ. ಬೆಲೆ ತಿಳಿಯದವರಿಂದ ಬಿಡಿಸಿಕೊಂಡದ್ದನ್ನು ದಾನವೆನ್ನಲಾಗದು.