ಬೆಂಕಿ ಸುತ್ತ ಕೂತ ಹುಡುಗಿಯರು: ಶಿಬಿರಾಗ್ನಿ ಹಾಡುಗಳ ಕಥೆ

ಇವತ್ತಿನ ಪ್ರಶ್ನೆ ಚಿಕ್ಕದು. ರಾತ್ರಿ ಹೊತ್ತು, ಮನೆಯಿಂದ ದೂರ, ಬೆಂಕಿ ಸುತ್ತ ಕೂತು ಗಂಟಲು ಬಿಟ್ಟು ಹಾಡೋದು ಹುಡುಗಿಯರಿಗೆ ಹೇಗೆ ಸಾಧ್ಯ ಆಯ್ತು?

ನಾನು ಐಮಂಗಲ ಕಡೆಯವಳು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗೋ ಹೆದ್ದಾರಿಯಲ್ಲಿ ನೀವು ನಮ್ಮೂರನ್ನ ದಾಟಿರ್ತೀರಿ. ಪೊಲೀಸ್ ತರಬೇತಿ ಶಾಲೆ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ನಮ್ಮ ಕಡೆ ಬೆಂಕಿಗೂ ಹಾಡಿಗೂ ಹಳೇ ನಂಟು. ಕಾಮನ ಹಬ್ಬ ಬಂದ್ರೆ ಹುಡುಗರು ಕಂಡವರ ಹಿತ್ತಲಿನ ಸೌದೆ ಕದ್ದು ಗುಡ್ಡೆ ಹಾಕಿ, ಬಾಯಿಗೆ ಬಂದಿದ್ದು ಹಾಡಿಕೊಂಡು ಸುಡ್ತಾರೆ. ಆ ಬೆಂಕಿ ಹುಡುಗರದ್ದು. ಹುಡುಗಿಯರು ಬಾಗಿಲಲ್ಲಿ ನಿಂತು ನೋಡಬೇಕು.

ಹಾಗಂತ ಹೆಂಗಸರ ಹತ್ರ ಹಾಡು ಇರಲಿಲ್ಲ ಅಂತಲ್ಲ. ಹಾಡಿನ ಗಂಟು ಇದ್ದಿದ್ದೇ ಅವರ ಹತ್ರ. ಬೀಸೋಕಲ್ಲಿನ ಪದ, ಸೋಬಾನೆ, ನಾಟಿ-ಕಳೆ ಹೊತ್ತಿನ ಪದ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿ ಓದು ಬರಹ ಕಲಿಯದೆ ಸಾವಿರಾರು ಪದ ನೆನಪಲ್ಲಿ ಇಟ್ಕೊಂಡಿದ್ರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಆದರೆ ಗಮನಿಸಿ, ಈ ಹಾಡುಗಳಿಗೆಲ್ಲ ಒಂದು ಕೆಲಸ ಅಥವಾ ಒಂದು ಶಾಸ್ತ್ರ ಅಂಟಿಕೊಂಡಿರುತ್ತೆ. ಹಿಟ್ಟು ಬೀಳಬೇಕು, ಮದುವೆ ಆಗಬೇಕು, ಆರತಿ ಎತ್ತಬೇಕು. ಬರೀ ಖುಷಿಗೆ, ಓರಗೆಯವರ ಜೊತೆ, ಕತ್ತಲಲ್ಲಿ ಹಾಡೋದು ಬೇರೇನೇ ಸಂಗತಿ.

ಆ ಬೇರೆ ಸಂಗತಿ ಬಂದಿದ್ದು ದೂರದಿಂದ.

ಕರೆಯದೆ ಬಂದ ಹುಡುಗಿಯರು

1907ರಲ್ಲಿ ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರಿಗೆ ಒಂದು ಶಿಬಿರ ಮಾಡಿದ. ಮರುವರ್ಷ ಬಂದ ಅವನ ಪುಸ್ತಕ ‘ಸ್ಕೌಟಿಂಗ್ ಫಾರ್ ಬಾಯ್ಸ್’ನಲ್ಲಿ ಪಾಠಗಳಿಗೆ ಪಾಠ ಅಂತ ಹೆಸರಿಲ್ಲ, ‘ಕ್ಯಾಂಪ್ ಫೈರ್ ಯಾರ್ನ್’ ಅಂತ ಹೆಸರು. ಅಂದ್ರೆ ಬೆಂಕಿ ಸುತ್ತ ಕೂತು ಹೇಳೋ ಮಾತು. ಬೆಂಕಿ ಆ ಚಳವಳಿಗೆ ಮೊದಲ ದಿನದಿಂದಲೇ ತರಗತಿ.

ಪುಸ್ತಕದ ಹೆಸರಲ್ಲೇ ‘ಬಾಯ್ಸ್’ ಇದೆ. ಆದರೂ 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಸ್ಕೌಟ್‌ಗಳು ಸೇರಿದಾಗ ಒಂದಷ್ಟು ಹುಡುಗಿಯರೂ ಬಂದು ನಿಂತರು. ಯಾರೂ ಕರೆದಿರಲಿಲ್ಲ. ‘ನಾವೂ ಸ್ಕೌಟ್ಸೇ’ ಅಂದ್ರು. ಸೇರಿಸಿಕೊಳ್ಳೋಕೆ ಧೈರ್ಯ ಇಲ್ಲ, ಓಡಿಸೋಕೆ ಮನಸ್ಸಿಲ್ಲ. ಹೀಗೆ 1910ರಲ್ಲಿ ಹುಡುಗಿಯರಿಗೆ ಅಂತಲೇ ಗರ್ಲ್ ಗೈಡ್ಸ್ ಶುರುವಾಯ್ತು. ಅದನ್ನ ಮೊದಲು ನಡೆಸಿದ್ದು ಬೇಡನ್ ಪೊವೆಲ್ ತಂಗಿ ಆಗ್ನೆಸ್.

ಭಾರತಕ್ಕೆ ಸ್ಕೌಟಿಂಗ್ ಕಾಲಿಟ್ಟಿದ್ದು ನಮ್ಮ ಬೆಂಗಳೂರಲ್ಲೇ, 1909ರಲ್ಲಿ. ಗೈಡ್ಸ್‌ನ ಮೊದಲ ಕಂಪನಿ 1911ರಲ್ಲಿ ಜಬಲ್‌ಪುರದಲ್ಲಿ. ಆದರೆ ಎರಡೂ ಕಡೆ ಮೊದಮೊದಲು ಜಾಗ ಇದ್ದಿದ್ದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ.

ಇದಕ್ಕೆ ಉತ್ತರವಾಗಿ 1916-17ರ ಹೊತ್ತಿಗೆ ಆನಿ ಬೆಸೆಂಟ್ ಮದರಾಸಿನಲ್ಲಿ ಭಾರತೀಯ ಹುಡುಗರಿಗೆ ಬೇರೆ ಸ್ಕೌಟ್ ಸಂಸ್ಥೆ ಕಟ್ಟಿದ್ರು. ಅವರು ಮಾಡಿದ ಬದಲಾವಣೆ ನೋಡಿ. ಹ್ಯಾಟ್ ಬದಲು ಪೇಟ. ಇಂಗ್ಲಿಷ್ ಹಾಡಿನ ಬದಲು ಭಾರತೀಯ ಹಾಡು. ‘ನಾವು ಯಾರು’ ಅನ್ನೋ ಜಗಳ ತಲೆ ಮೇಲಿನ ಬಟ್ಟೆಯಲ್ಲಿ, ಬಾಯಲ್ಲಿನ ಹಾಡಲ್ಲಿ ನಡೀತು. ಇವತ್ತಿಗೂ ದೊಡ್ಡಬಳ್ಳಾಪುರದಲ್ಲಿರೋ ರಾಜ್ಯ ತರಬೇತಿ ಕೇಂದ್ರದ ಜಾಗಕ್ಕೆ ಆನಿ ಬೆಸೆಂಟ್ ಪಾರ್ಕ್ ಅಂತಲೇ ಹೆಸರು.

ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ಗರ್ಲ್ ಗೈಡ್ಸ್ ಸಂಸ್ಥೆ ಅದಕ್ಕೆ ಸೇರಿದ್ದು 1951ರ ಆಗಸ್ಟ್ 15ರಂದು.

ಟಿಪ್ಪರರಿ ತಿಪ್ಪಾರಳ್ಳಿ ಆಗಿದ್ದು

ಈಗ ಹಾಡಿಗೆ ಬರೋಣ. ಶಿಬಿರಾಗ್ನಿ ಹಾಡಿಗೆ ಒಂದು ಗುಣ ಬೇಕು: ಐದು ನಿಮಿಷದಲ್ಲಿ ಕಲಿಯೋ ಹಾಗಿರಬೇಕು. ಪುಸ್ತಕ ಇಲ್ಲ, ಬೆಳಕಿಲ್ಲ, ಪಕ್ಕದಲ್ಲಿ ಕೂತವಳು ಬೇರೆ ಊರಿನವಳು. ಅದಕ್ಕೇ ಒಬ್ಬರು ಹೇಳೋದು, ಉಳಿದವರು ತಿರುಗಿ ಹೇಳೋದು. ಜೊತೆಗೆ ಚಪ್ಪಾಳೆ, ಕೈ ಅಭಿನಯ, ಅರ್ಥವಿಲ್ಲದ ಪದ. ‘ಗಿಂಗ್ ಗ್ಯಾಂಗ್ ಗೂಲಿ’ ಅನ್ನೋ ಹಾಡು ಜಗತ್ತಿನ ನಾನಾ ಕಡೆ ಸ್ಕೌಟ್-ಗೈಡ್‌ಗಳಿಗೆ ಗೊತ್ತು. ಅದಕ್ಕೆ ಯಾವ ಭಾಷೆಯಲ್ಲೂ ಅರ್ಥ ಇಲ್ಲ. ಅರ್ಥ ಇಲ್ಲದ್ದಕ್ಕೇ ಯಾರಿಗೂ ಅದು ಪರಕೀಯ ಅಲ್ಲ!

ಎರಡನೇ ದಾರಿ: ಮಟ್ಟು ಅವರದ್ದು, ಮಾತು ನಮ್ಮದು. ಇದನ್ನ ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಟಿ.ಪಿ. ಕೈಲಾಸಂ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಡಿಕೊಂಡು ನಡೆದ ‘ಟಿಪ್ಪರರಿ’ ಅವರ ಕೈಲಿ ತಿಪ್ಪಾರಳ್ಳಿ ಆಯ್ತು. ‘ಕಾನ್‌ಸ್ಟಾಂಟಿನೋಪಲ್’ ಅಂತ ಅಕ್ಷರ ಬಿಡಿಸಿ ಹಾಡೋ ಇಂಗ್ಲಿಷ್ ಹಾಡು ‘ಕೋಳೀಕೆ ರಂಗ’ ಆಯ್ತು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ಹಾಡು ಮಾತ್ರ ಇನ್ನೂ ಶಾಲಾ ಮಕ್ಕಳ ಬಾಯಲ್ಲಿದೆ. ಯುದ್ಧಕ್ಕೆ ಹೊರಟವನ ಊರಿನ ನೆನಪು ಇಲ್ಲಿ ಹಳ್ಳಿ ಬಿಟ್ಟು ಪೇಟೆಗೆ ಬಂದವನ ತಮಾಷೆ ಆಯ್ತು. ಇದನ್ನ ಅನುವಾದ ಅನ್ನೋಕಾಗಲ್ಲ, ಮಟ್ಟನ್ನ ಮನೆಯಳಿಯ ಮಾಡಿಕೊಂಡಿದ್ದು ಅನ್ನಬೇಕು.

ನಮ್ಮ ಹಳೇ ಚಿತ್ರದುರ್ಗ ಜಿಲ್ಲೆಗೂ ಇದರಲ್ಲಿ ಪಾಲಿದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿ, 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ನಮ್ಮದೇ. ಚಿತ್ರದುರ್ಗದಿಂದ 1971ರಲ್ಲಿ ಲೋಕಸಭೆಗೆ ಗೆದ್ದ ಕೊಂಡಜ್ಜಿ ಬಸಪ್ಪ ಸ್ಕೌಟ್ಸ್‌ಗೆ ದುಡಿದವರು. ಅಲ್ಲಿನ ಕೆರೆ, ಗುಡ್ಡದ ಮಗ್ಗುಲಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇದೆ.

ಒಂದು ರಾತ್ರಿಯ ಲೆಕ್ಕ

ಶಿಬಿರಾಗ್ನಿಗೆ ಒಂದು ಕ್ರಮ ಇದೆ. ಬೆಂಕಿ ಹಚ್ಚೋವಾಗ ಎಲ್ಲರೂ ನಿಂತು ಹಾಡ್ತಾರೆ. ಜ್ವಾಲೆ ಏರಿದಂತೆ ಹಾಡು ಜೋರು, ಕುಣಿತ, ನಗೆನಾಟಕ. ಪ್ರತಿ ತಂಡಕ್ಕೂ ಒಂದು ಸರದಿ, ಯಾರೂ ಬರೀ ಪ್ರೇಕ್ಷಕರಲ್ಲ. ಸೌದೆ ಕೆಂಡ ಆಗ್ತಾ ಬಂದಂತೆ ಹಾಡೂ ಮೆತ್ತಗಾಗುತ್ತೆ. ಕೊನೆಗೆ ಪ್ರಾರ್ಥನೆ, ಆಮೇಲೆ ಮಾತಿಲ್ಲದೆ ಮಲಗೋಕೆ ಹೋಗೋದು. ಹಾಡಿನ ಏರಿಳಿತವನ್ನ ಬೆಂಕಿಯೇ ಹೇಳಿಕೊಡುತ್ತೆ.

ನಾನು ಗೈಡ್ ಆಗಿದ್ದಾಗ ಹಾಡು ಕಲಿಯೋದು ಕಷ್ಟ ಆಗಿರಲಿಲ್ಲ. ಮನೇಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸೋದು ಕಷ್ಟ. ‘ಹಗಲು ಹೋಗಿ ಬಾ, ರಾತ್ರಿ ಯಾಕೆ?’ ಅಂತ ನಮ್ಮಪ್ಪ ಕೇಳಿದ್ರು. ‘ಅಪ್ಪಾಜಿ, ಟೀಚರೂ ಅಲ್ಲೇ ಮಲಗ್ತಾರೆ’ ಅಂತ ಮೂರು ಸಲ ಹೇಳಿದ ಮೇಲೆ ಸಹಿ ಬಿತ್ತು. ಎಷ್ಟೋ ಗೆಳತಿಯರಿಗೆ ಆ ಸಹಿ ಬೀಳಲೇ ಇಲ್ಲ.

ಈ ‘ರಾತ್ರಿ ಯಾಕೆ’ ಅನ್ನೋ ಮಾತಿನ ಹಿಂದೆ ಇನ್ನೊಂದು ನಿಜ ಇದೆ. ನಮ್ಮ ಭಾಗದ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನ, ಬಾಣಂತಿಯರನ್ನ ಹಟ್ಟಿಯಿಂದ ಆಚೆ ಗುಡಿಸಲಲ್ಲಿ ಇರಿಸೋ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ಅವರು ಚಳಿ-ಮಳೆಯಲ್ಲಿ ಬೀಳಬಾರದು ಅಂತ ಸರ್ಕಾರವೇ ಕೃಷ್ಣ ಕುಟೀರ ಅನ್ನೋ ಕಟ್ಟಡಗಳನ್ನ ಕಟ್ಟಿಸಿತು. ಅಂದ್ರೆ ಹುಡುಗಿ ರಾತ್ರಿ ಮನೆಯಿಂದ ಹೊರಗಿರಬಾರದು ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಹೊರಗೆ ಇರಿಸಬಹುದು. ಅವಳಾಗಿ ಇಷ್ಟಪಟ್ಟು, ಗೆಳತಿಯರ ಜೊತೆ, ಹಾಡಿಕೊಂಡು ಇರೋದಕ್ಕೆ ಮಾತ್ರ ಅಡ್ಡಿ. ಎರಡೂ ರಾತ್ರಿಯೇ. ಒಂದರಲ್ಲಿ ಅವಳು ಒಬ್ಬಳು, ಇನ್ನೊಂದರಲ್ಲಿ ನಲವತ್ತು ಜನರ ದನಿಯಲ್ಲಿ ಒಂದು ದನಿ. ಅದಕ್ಕೇ ನಾನು ಶಿಬಿರಾಗ್ನಿಯನ್ನ ಬರೀ ಮನರಂಜನೆ ಅಂತ ನೋಡಲ್ಲ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ದೊಡ್ಡ ವೇದಿಕೆ, ದೊಡ್ಡ ಸ್ಪೀಕರ್ ಎಲ್ಲಾ ಇತ್ತು. ಅದೂ ಬೇಕು. ಆದರೆ ಸ್ಪೀಕರ್ ಬಂದ ಕಡೆ ನಾವು ಕೇಳೋರಾಗ್ತೀವಿ, ಬೆಂಕಿ ಮುಂದೆ ಹಾಡೋರಾಗ್ತೀವಿ. ಈ ಹಾಡುಗಳು ಬಾಯಿಂದ ಬಾಯಿಗೆ ಬಂದಿದ್ದು, ಎಷ್ಟೋ ಹಾಡು ಯಾವ ಪುಸ್ತಕದಲ್ಲೂ ಇಲ್ಲ.

ನಿಮಗೊಂದು ಕೆಲಸ ಕೊಡ್ತೀನಿ. ನಿಮ್ಮಮ್ಮನೋ, ಚಿಕ್ಕಮ್ಮನೋ, ಶಾಲೆಯ ಗೈಡ್ ಟೀಚರೋ ಶಿಬಿರದಲ್ಲಿ ಹಾಡಿದ ಒಂದು ಹಾಡು ಯಾವುದು ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಆ ರಾತ್ರಿಗೆ ಮನೇಲಿ ಒಪ್ಪಿಸಿದ್ದು ಹೇಗೆ ಅಂತಾನೂ ಕೇಳಿ. ಅವರು ಹಾಡಿಗಿಂತ ಅದನ್ನೇ ಜಾಸ್ತಿ ಹೊತ್ತು ಹೇಳ್ತಾರೆ.