ಎಲ್ಲರೂ ಬರಬಹುದಾ?

ಹೋದ ತಿಂಗಳು ನಮ್ಮ ಟೀಮಿನವರೆಲ್ಲ ಒಂದು ಕಡೆ ಸೇರಬೇಕು ಅಂತ ಆಯ್ತು. ಊರು ಆರಿಸೋ ಕೆಲಸ ನನ್ನ ತಲೆಗೆ ಬಂತು. ವಿಮಾನದ ದರ, ಹೋಟೆಲ್ ಬಾಡಿಗೆ, ಹಾಲಿನಲ್ಲಿ ಎಷ್ಟು ಕುರ್ಚಿ... ಎಲ್ಲ ಎಕ್ಸೆಲ್ ಶೀಟಿನಲ್ಲಿ ತುಂಬಿ, ಅಂಕ ಹಾಕಿ, ಯುರೋಪಿನ ಒಂದು ಊರು ಆರಿಸಿದೆ. ಕೊನೆಗೆ ನಮ್ಮಲ್ಲಿ ಇಬ್ಬರಿಗೆ ವೀಸಾನೇ ಬರಲಿಲ್ಲ. ಮುಕ್ಕಾಲು ಪಾಲು ಕೋಡ್ ಬರೆದವರೇ ಅವರಿಬ್ಬರು! ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನಮ್ಮನ್ನು ನೋಡಿದರು.

ಆಗ ನೆನಪಾದದ್ದು ಜರ್ಮನಿಯ ಲೈಪ್‌ಜಿಗ್. ಈ ಊರಿಗೆ ಸಮುದ್ರವಿಲ್ಲ, ದೊಡ್ಡ ಹಡಗು ಓಡುವ ನದಿಯೂ ಇಲ್ಲ. ವಿಯಾ ರೇಜಿಯಾ, ವಿಯಾ ಇಂಪೇರಿಯಿ ಅನ್ನೋ ಎರಡು ಹೆದ್ದಾರಿಗಳು ಅಲ್ಲಿ ಕೂಡುತ್ತಿದ್ದವು, ನಿಜ. ಆದರೆ ದಾರಿ ಕೂಡುವ ಊರುಗಳು ಬೇಕಾದಷ್ಟಿದ್ದವು. ಮತ್ತೆ ಲೈಪ್‌ಜಿಗ್ಗೇ ಯಾಕೆ?

1268ರಲ್ಲಿ ಆ ಸೀಮೆಯ ದೊರೆ ಡೀಟ್ರಿಶ್ ಒಂದು ಪತ್ರ ಕೊಟ್ಟ. ಲೈಪ್‌ಜಿಗ್ಗಿಗೆ ವ್ಯಾಪಾರಕ್ಕೆ ಬರುವವರಿಗೆಲ್ಲ ನನ್ನ ರಕ್ಷಣೆ ಇದೆ, ಅವರ ದೊರೆಗೂ ನನಗೂ ಯುದ್ಧ ನಡೆಯುತ್ತಿದ್ದರೂ ಸರಿಯೇ, ಅಂತ ಅದರ ಸಾರ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ 1497ರಲ್ಲಿ ಮ್ಯಾಕ್ಸಿಮಿಲಿಯನ್ ಅಲ್ಲಿನ ವ್ಯಾಪಾರದ ಜಾತ್ರೆಗಳಿಗೆ ಸಾಮ್ರಾಜ್ಯದ ಮುದ್ರೆ ಒತ್ತಿದ. 1507ರಲ್ಲಿ ಸುತ್ತಮುತ್ತಲ ಊರುಗಳಲ್ಲಿ ಅಂಥ ಜಾತ್ರೆ ನಡೆಸಬಾರದು ಅಂತಲೂ ಆಯ್ತು. ಮೊದಲು ಅಭಯ, ಆಮೇಲೆ ಮೊನಾಪಲಿ :)

ರೈಲು ಬಂದ ಮೇಲೆ ಮೂಟೆ ಹೊತ್ತು ತರುವ ಅಗತ್ಯ ಹೋಯ್ತು. ಊರು ಸುಮ್ಮನೆ ಕೂರಲಿಲ್ಲ. 1895ರಲ್ಲಿ ಸ್ಯಾಂಪಲ್ ಮೇಳ ಶುರುವಾಯ್ತು: ಸ್ಯಾಂಪಲ್ ತೋರಿಸು, ಆರ್ಡರ್ ತಗೋ, ಸರಕು ಆಮೇಲೆ ಕಳಿಸು. ಇವತ್ತಿನ ಟ್ರೇಡ್ ಶೋಗಳು ನಡೆಯೋದೂ ಹೀಗೇ ತಾನೆ?

ಆ ಅಭಯ ಮುರಿದದ್ದೂ ಉಂಟು. ಲೈಪ್‌ಜಿಗ್ಗಿನ ಬ್ರ್ಯೂಲ್ ಬೀದಿ ತುಪ್ಪಳದ ವ್ಯಾಪಾರಕ್ಕೆ ಜಗತ್ತಿನಲ್ಲೇ ಹೆಸರುವಾಸಿಯಾಗಿತ್ತು, ಅದನ್ನು ಬೆಳೆಸಿದವರಲ್ಲಿ ಬಹಳ ಮಂದಿ ಯಹೂದಿಗಳು. 1933ರ ನಂತರ ನಾಜಿಗಳು ಅವರ ಅಂಗಡಿ ಕಿತ್ತುಕೊಂಡರು, ಊರು ಬಿಡಿಸಿದರು, ಕೊಂದರು. ಕಟ್ಟಡ, ಹೋಟೆಲು, ರೈಲ್ವೆ ಸ್ಟೇಷನ್ ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಆ ಮಾತು ಮಾತ್ರ.

ಯುದ್ಧ ಮುಗಿದು ಜರ್ಮನಿ ಎರಡಾದ ಮೇಲೂ, ಪೂರ್ವದ ಈ ಊರಿನ ಮೇಳಕ್ಕೆ ಪಶ್ಚಿಮದ ವ್ಯಾಪಾರಿಗಳು ಬರುತ್ತಲೇ ಇದ್ದರು. ಮೇಳದ ದಿನಗಳಲ್ಲಿ ಬಾಗಿಲು ಸ್ವಲ್ಪ ತೆರೆಯುತ್ತಿತ್ತು, ಅಷ್ಟೇ ಸಾಕಾಗಿತ್ತು.

ಈಗ ನನ್ನ ಶೀಟಿನಲ್ಲಿ ಒಂದು ಹೊಸ ಕಾಲಮ್ ಇದೆ. ಹೋಟೆಲಿಗಿಂತ, ವೈಫೈಗಿಂತ ಮುಂಚೆ: "ಎಲ್ಲರೂ ಬರಬಹುದಾ?" ಉತ್ತರ ಇಲ್ಲ ಅಂತಾದರೆ ಉಳಿದ ಅಂಕ ಕೂಡಿಸೋದೇ ಇಲ್ಲ.

ನಿಮ್ಮ ಶೀಟಿನಲ್ಲಿ ಮೊದಲ ಕಾಲಮ್ ಯಾವುದು?