ಬೆಳ್ವೊಲದ ರಾಣಿಯರು: ಬಳುವಳಿ ಬಂದ ಮುನ್ನೂರು, ಉತಾರದಲ್ಲಿ ಇಲ್ಲದ ಹೆಸರು

ನಮ್ಮ ಕಡೆ ಹುಡುಗರಿಗೆ ರಾಣಿ ಅಂದ್ರೆ ಕಿತ್ತೂರು ಚೆನ್ನಮ್ಮ. ಅದರಾಚೆ ಹೆಸರು ಕೇಳಿದರೆ ಸುಮ್ಮನಾಗ್ತಾರೆ. ಆದರೆ ಅಣ್ಣಿಗೇರಿ, ನವಲಗುಂದ, ಗದಗ ಸೀಮೆ, ಅಂದರೆ ಹಳೆಯ ಬೆಳ್ವೊಲ-300, ಒಂದು ಮದುವೆಯಲ್ಲಿ ಕೈ ಬದಲಾದ ನೆಲ.

ನವಲಗುಂದ ತಾಲೂಕಿನ ಹೆಬ್ಬಾಳದಲ್ಲಿ 975ರ ಒಂದು ಶಾಸನವಿದೆ. ರಾಷ್ಟ್ರಕೂಟ ಮೂರನೇ ಅಮೋಘವರ್ಷ (ಬದ್ದೆಗ) ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗರ ಬೂತುಗನಿಗೆ ಕೊಟ್ಟಾಗ ಪುಲಿಗೆರೆ-300, ಬೆಳ್ವೊಲ-300, ಕಿಸುಕಾಡು-70, ಬಾಗೆ-70 ನಾಡುಗಳನ್ನು ಬಳುವಳಿಯಾಗಿ ಕೊಟ್ಟ ಎನ್ನುತ್ತದೆ ಅದು. ಪುಲಿಗೆರೆ ಈಗಿನ ಲಕ್ಷ್ಮೇಶ್ವರ, ಬಾಗೆ ಬಾಗಲಕೋಟೆ. ಈಗಿನ ನಕ್ಷೆಯಲ್ಲಿ ಗೆರೆ ಎಳೆದು ನೋಡಿ, ಮೂರು ಜಿಲ್ಲೆಗಳಿಗೆ ಹರಡುವ ವರದಕ್ಷಿಣೆ!

ಅದೇ ನೆಲದ ಬಗ್ಗೆ ಇನ್ನೊಂದು ಕಲ್ಲು ಬೇರೆ ಕಥೆ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನದ್ದು. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಮೂರನೇ ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ-12000ದ ಜೊತೆ ಇದೇ ನಾಲ್ಕು ನಾಡು ಕೊಟ್ಟನಂತೆ. ಕೃಷ್ಣ ಬೇರೆ ಯಾರೂ ಅಲ್ಲ, ರೇವಕಳ ತಮ್ಮ. ಮೊದಲು ಬಳುವಳಿಯಾಗಿ ಬಂದದ್ದನ್ನೇ ಆಮೇಲೆ ಬಹುಮಾನವಾಗಿ ಖಾತ್ರಿ ಮಾಡಿರಬಹುದು ಅಂತ ಎರಡನ್ನೂ ಹೊಂದಿಸಬಹುದು. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಕಲ್ಲುಗಳ ಲೆಕ್ಕದ ವ್ಯತ್ಯಾಸ ನೋಡಿ: ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರಿದೆ. ನೆಲ ಬಂದ ಲೆಕ್ಕದಲ್ಲಿ ಹೆಂಡತಿಯ ಹೆಸರಿಲ್ಲ.

ಬೂತುಗನ ಇನ್ನೊಬ್ಬ ರಾಣಿ ಪದ್ಮಬ್ಬರಸಿ. ರೋಣ ಕಡೆಯ ನರೇಗಲ್‌ನಲ್ಲಿ ಬಸದಿ ಕಟ್ಟಿಸಿದಳು, 950ರ ಶಾಸನ ಆ ಬಸದಿಯ ದಾನಶಾಲೆಗೆ ಬಿಟ್ಟ ದಾನವನ್ನು ದಾಖಲಿಸುತ್ತದೆ. ಬೂತುಗನೂ ಅಣ್ಣಿಗೇರಿಯಲ್ಲಿ ಬಸದಿ ಕಟ್ಟಿಸಿದ್ದ. ಅದನ್ನು ಚೋಳರು ಸುಟ್ಟರು, 1071ರ ಹೊತ್ತಿಗೆ ಮತ್ತೆ ಜೀರ್ಣೋದ್ಧಾರ ಆಯ್ತು.

ಇಲ್ಲೊಂದು ಮಾತು ಹೇಳಲೇಬೇಕು. ರಾಣಿಯರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ದಾನದ ಲೆಕ್ಕ. ಕೊಟ್ಟವಳ ಹೆಸರು ಕಲ್ಲಿನ ಮೇಲೆ ಬಂತು, ಕೊಡಲು ಏನೂ ಇಲ್ಲದವಳದ್ದು ಹೋಯ್ತು. ಎಂಜಿನಿಯರಿಂಗ್ ಓದುವಾಗ ಇದಕ್ಕೆ ಸ್ಯಾಂಪಲ್ ತಪ್ಪು ಅಂತಿದ್ದೆವು.

ಪಟ್ಟದಕಲ್ಲಿಗೆ ಬನ್ನಿ. ಬಾದಾಮಿ ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಪಟ್ಟದರಸಿ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ, ಇವತ್ತಿನ ವಿರೂಪಾಕ್ಷ. ಪಕ್ಕದ ಮಲ್ಲಿಕಾರ್ಜುನ ಕಟ್ಟಿಸಿದವಳು ಆಕೆಯ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿ. ಇಬ್ಬರೂ ಹೈಹಯ ವಂಶದವರು. ದೊಡ್ಡ ಗುಡಿಯ ಶಿಲ್ಪಿ ಗುಂಡನ ಹೆಸರೂ ಶಾಸನದಲ್ಲಿದೆ. ಪ್ರವಾಸಿಗರಿಗೆ ಗೈಡ್ ಹೇಳುವುದು ಮಾತ್ರ ರಾಜನ ಕಥೆ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ರಾಣಿಯರು ಬರೀ ಗುಡಿ ಕಟ್ಟಿಸಲಿಲ್ಲ, ಆಡಳಿತವನ್ನೂ ನಡೆಸಿದರು. ಮೊದಲನೇ ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ-12000 ಆಳುತ್ತಿದ್ದಳು. ಕೇತಲದೇವಿ 1054ರಲ್ಲಿ ಪೊನ್ನವಾಡ ಅಗ್ರಹಾರ ನೋಡಿಕೊಳ್ಳುತ್ತಿದ್ದಳು, ಅದೇ ವಿಜಯಪುರ ಕಡೆಯ ಹೊನವಾಡ. ಆರನೇ ವಿಕ್ರಮಾದಿತ್ಯನ (1076–1126) ರಾಣಿ ಲಕ್ಷ್ಮಾದೇವಿ 18 ಅಗ್ರಹಾರಗಳ ಜೊತೆ ಡಂಬಳವನ್ನೂ ಆಳಿದಳು. 1095ರ ಡಂಬಳದ ಶಾಸನದಲ್ಲಿ ಬೌದ್ಧರ ತಾರಾದೇವಿಯ ಸ್ತುತಿಯೂ, 16 ಶೆಟ್ಟಿಗಳು ಕಟ್ಟಿಸಿದ ವಿಹಾರಕ್ಕೆ ದಾನವೂ ಇದೆ. ಇಷ್ಟಾದರೂ ಪ್ರಸಿದ್ಧಿ ಸಿಕ್ಕಿದ್ದು ಇನ್ನೊಬ್ಬ ರಾಣಿ ಚಂದಲದೇವಿಗೆ. ಕರಹಾಟದ ಈ ಶಿಲಾಹಾರ ರಾಜಕುಮಾರಿಯ ಸ್ವಯಂವರವನ್ನು ಬಿಲ್ಹಣ ಸಂಸ್ಕೃತ ಕಾವ್ಯದಲ್ಲಿ ಬಣ್ಣಿಸಿದ. ಆಡಳಿತ ಮಾಡಿದವಳಿಗಿಂತ ಚೆಲುವೆಗೇ ಕವಿ ಸಿಕ್ಕ, ಇದೇನೂ ಹೊಸದಲ್ಲ. (ಸೂಡಿ, ಗೋಕಾಕ ಅಂದ್ರೆ ನೆನಪಾಗುವ ಅಕ್ಕಾದೇವಿ ರಾಣಿಯಲ್ಲ. ಆಕೆ ಎರಡನೇ ಜಯಸಿಂಹನ ಸಹೋದರಿ.)

ಈಗ ಮತ್ತೆ ರೇವಕಳ ಬಳುವಳಿಗೆ. ಅಪ್ಪನ ಮನೆಯ ನೆಲ ಆಕೆಯ ಹೆಸರಿನಲ್ಲಿ ಹೊರಟು ಗಂಡನ ಖಾತೆಗೆ ಸೇರಿತು. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿ, ಅದಕ್ಕೂ ಮುಂಚೆ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಆಯ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ವಾಟ್ನಿ ದಿನ ನಿಂತು ನೋಡಿ. ಅಕ್ಕ-ತಂಗ್ಯಾರು ಬಂದು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅಣ್ಣ ಕೊಡಿಸಿದ ಸೀರಿ ಹಿಡಕೊಂಡು ಬಸ್ಸು ಹತ್ತತಾರ. ‘ತವರ ಮನಿ ಬಾಗ್ಲಾ ಮುಚ್ಚಬಾರದಲ್ರೀ’ ಅಂತಾರೆ ಕೇಳಿದ್ರೆ. ಬೆಳ್ವೊಲದ ಅದೇ ಕರಿನೆಲದ ಉತಾರದಲ್ಲಿ ಅವರ ಹೆಸರು ಅಲ್ಲಿಗೆ ಕಮ್ಮಿಯಾಗುತ್ತದೆ.